ಬಳ್ಳಾರಿಯಿಂದ ಒಂದು ದಿನದ ಕಾರು ಸುತ್ತಾಟ: ಸಂಡೂರೋ, ಆನೆಗುಂದಿಯೋ, ಮುದಗಲ್ಲೋ?

ದಸರಾ ರಜೆ ಹತ್ತಿರ ಬಂದರೆ ಸಾಕು, ಬೆಂಗಳೂರು, ಹುಬ್ಬಳ್ಳಿ ಕಡೆಯ ನೆಂಟರ ಫೋನು ಶುರು. ಹಂಪಿ ನೋಡಿ ಆಗಿದೆ, ಇನ್ನೊಂದು ದಿನ ಕೈಯಲ್ಲಿದೆ, ಕಾರೂ ಇದೆ. ಸುಮ್ನೆ ಗಾಡಿ ಓಡಿಸಿಕೊಂಡು ಗುಡ್ಡ, ಗದ್ದೆ, ನೀರು ನೋಡುತ್ತ ಹೋಗೋಕೆ ಯಾವ ದಾರಿ ಚೆನ್ನಾಗಿದೆ? ಎಲ್ಲರದ್ದೂ ಇದೇ ಪ್ರಶ್ನೆ.

ಇದಕ್ಕೆ ಬಹಳಷ್ಟು ಜನ ಊರುಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತಾರೆ. ನಾನು ಮೊದಲು ಕೇಳುವುದು ಎರಡೇ ವಿಷಯ. ಯಾವ ತಿಂಗಳಲ್ಲಿ ಬರುತ್ತೀರಿ? ಕಾರಿನಲ್ಲಿ ಯಾರ್ಯಾರು ಇರುತ್ತಾರೆ? ಈ ಎರಡು ಗೊತ್ತಾದರೆ ದಾರಿ ಹೇಳುವುದು ಸುಲಭ.

ತಿಂಗಳು ಯಾಕೆ ಮುಖ್ಯ ಎಂದರೆ, ನಮ್ಮದು ಬಿಸಿಲ ಸೀಮೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಇಲ್ಲಿ ಹಸಿರು ಎಲ್ಲ ಕಡೆ ಒಂದೇ ಸಲ ಬರುವುದಿಲ್ಲ. ಸಂಡೂರಿನ ಹಸಿರು ಮಳೆಯನ್ನು ನಂಬಿದೆ. ಗಂಗಾವತಿ, ಆನೆಗುಂದಿಯ ಹಸಿರು ತುಂಗಭದ್ರೆಯ ಕಾಲುವೆಯನ್ನು ನಂಬಿದೆ. ಮಸ್ಕಿ, ಮುದಗಲ್ ಕಡೆ ನೋಡುವುದೇ ಕಲ್ಲು, ಕೋಟೆ, ಎರೆಮಣ್ಣಿನ ಬಯಲು. ಅಲ್ಲಿಗೆ ಹಸಿರೇ ಬೇಕು ಅಂತಿಲ್ಲ. ಆಗಸ್ಟ್‌ನಲ್ಲಿ ಬರುವವರಿಗೆ ಹೇಳುವ ದಾರಿಯನ್ನು ಜನವರಿಯಲ್ಲಿ ಬರುವವರಿಗೆ ನಾನು ಹೇಳುವುದಿಲ್ಲ.

ಬಳ್ಳಾರಿಯಿಂದಲೇ ಹೊರಟು ರಾತ್ರಿ ಬಳ್ಳಾರಿಗೇ ವಾಪಸ್ ಬರುವ ಲೆಕ್ಕ ಹಿಡಿದು ಮೂರು ದಾರಿಗಳನ್ನು ಹೋಲಿಸುತ್ತೇನೆ. ಹೊಸಪೇಟೆಯಲ್ಲಿ ತಂಗಿದವರಿಗೆ ಮೊದಲ ಎರಡು ದಾರಿ ಇನ್ನೂ ಹತ್ತಿರ.

ಸಂಡೂರು: ಗಾಡಿ ಓಡಿಸುವವರ ದಾರಿ

ಸ್ಟೀರಿಂಗ್ ಹಿಡಿಯುವುದೇ ಖುಷಿ ಎನ್ನುವವರಿಗೆ ನನ್ನ ಮೊದಲ ಆಯ್ಕೆ ಇದು. ಬಳ್ಳಾರಿ, ತೋರಣಗಲ್ಲು, ಸಂಡೂರು, ಕುಮಾರಸ್ವಾಮಿ ಬೆಟ್ಟ, ಅಲ್ಲಿಂದ ಹೊಸಪೇಟೆ, ಟಿಬಿ ಡ್ಯಾಂ (ತುಂಗಭದ್ರಾ ಅಣೆಕಟ್ಟು), ಮತ್ತೆ ಬಳ್ಳಾರಿ. ಎಲ್ಲ ಸೇರಿ 180 ಕಿ.ಮೀ. ಆಸುಪಾಸು.

ಮೊದಲ ಮುಕ್ಕಾಲು ಗಂಟೆಯಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕುಡತಿನಿಯ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಾಲುಗಟ್ಟಿದ ಲಾರಿಗಳು. ಇದನ್ನು ನೋಡಿ ‘ಇದೇನಾ ನೀವು ಹೇಳಿದ ಚೆಂದದ ದಾರಿ’ ಎಂದು ಕೇಳಿದವರಿದ್ದಾರೆ. ಸ್ವಲ್ಪ ತಾಳಬೇಕು. ತೋರಣಗಲ್ಲಿನಲ್ಲಿ ಎಡಕ್ಕೆ ತಿರುಗಿ ತಾರಾನಗರದ ಕಡೆ ಹೋದಂತೆ ಗುಡ್ಡಗಳು ಹತ್ತಿರ ಬರುತ್ತವೆ. ನಾರಿಹಳ್ಳದ ಜಲಾಶಯ ಸಿಗುತ್ತದೆ. ಸಂಡೂರು ಇರುವುದೇ ಎರಡು ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿ. ಆ ಸಾಲುಗಳ ನಡುವೆ ಒಡೆದುಕೊಂಡ ಜಾಗಗಳಿಗೆ ಇಲ್ಲಿ ಗಂಡಿ ಎನ್ನುತ್ತಾರೆ. ಭೀಮನಗಂಡಿ, ಓಬಳಗಂಡಿ ಅಂತ. ಬಯಲಿನ ಬಿಸಿಲಿನಿಂದ ಈ ಕಣಿವೆಯೊಳಗೆ ಬಂದ ಕೂಡಲೇ ಗಾಳಿ ಬದಲಾಗುತ್ತದೆ. ಎಸಿ ಬಂದ್ ಮಾಡಿ, ಗಾಜು ಇಳಿಸಿ.

ಮಣ್ಣಿನ ಬಣ್ಣವನ್ನು ಇಲ್ಲಿ ಗಮನಿಸಲೇಬೇಕು. ಬೇಸಿಗೆಯಲ್ಲಿ ರಸ್ತೆ ಪಕ್ಕದ ಗಿಡಗಳ ಎಲೆಯ ಮೇಲೆಲ್ಲ ಕೆಂಪು ಧೂಳು ಕೂತಿರುತ್ತದೆ, ಹಸಿರು ಕಾಣುವುದೇ ಇಲ್ಲ. ಎರಡು ಒಳ್ಳೆಯ ಮಳೆ ಬಿದ್ದರೆ ಎಲೆ ತೊಳೆದು ಹೊಳೆಯುತ್ತದೆ. ಚರಂಡಿಯಲ್ಲಿ ಕುಂಕುಮ ಕಲಸಿದಂಥ ನೀರು ಹರಿಯುತ್ತದೆ. ಆ ಕೆಂಪು ಕಬ್ಬಿಣದ ಅದಿರಿನದು. ಲಾರಿ ಹಿಂದೆ ಹೋದರೆ ನಿಮ್ಮ ಕಾರಿನ ಮುಂದಿನ ಗಾಜಿಗೂ ಅದೇ ಬಣ್ಣ ಬಳಿಯುತ್ತದೆ. ಒಣ ಗಾಜಿನ ಮೇಲೆ ವೈಪರ್ ಹಾಕಬೇಡಿ. ಅದಿರಿನ ಪುಡಿ ಗಾಜಿಗೆ ಗೀರು ಹಾಕುತ್ತದೆ. ವಾಷರ್ ಟ್ಯಾಂಕ್ ತುಂಬಿಸಿಕೊಂಡು ಹೊರಡಿ. ಒಂದು ದೊಡ್ಡ ಬಾಟಲಿ ನೀರು, ಹತ್ತಿ ಬಟ್ಟೆ ಡಿಕ್ಕಿಯಲ್ಲಿರಲಿ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಒರೆಸಿ.

ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟಕ್ಕೆ ಹತ್ತು ಹನ್ನೆರಡು ಕಿ.ಮೀ. ಕಾಡಿನ ನಡುವೆ ತಿರುವುಗಳು. ಮೇಲೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ ಇದೆ, ಪಕ್ಕದಲ್ಲೇ ಕುಮಾರಸ್ವಾಮಿಯ ಗುಡಿ. ಪಾರ್ವತಿ ಗುಡಿ ನೋಡದೆ ಇಳಿಯಬೇಡಿ. ಕಲ್ಲಿನ ಸರಳ ಕೆಲಸ, ಜನರ ಗದ್ದಲ ಕಡಿಮೆ. ಬೆಟ್ಟ ಹತ್ತುವಾಗ ದೂರದ ಗುಡ್ಡಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗಣಿಗಳೂ ಕಾಣುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. ಆಮೇಲೆ ಮಿತಿ ಹಾಕಿ ಮತ್ತೆ ಶುರುವಾಯಿತು. ಅಷ್ಟು ಕಡಿದ ಮೇಲೂ ಈ ಕಾಡು ಇಷ್ಟು ಉಳಿದಿರುವುದು ನೋಡಿದರೆ ನನಗೆ ಸಮಾಧಾನವೂ ಆಗುತ್ತದೆ, ಹೊಟ್ಟೆ ಉರಿಯುವುದೂ ಇದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಎರಡನ್ನೂ ತೋರಿಸಿ.

ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಕಾಲು ಬ್ರೇಕಿನ ಮೇಲೇ ಇಟ್ಟುಕೊಂಡು ಬಂದರೆ ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಕಾಯ್ದು ವಾಸನೆ ಹೊಡೆಯುತ್ತದೆ. ಸಂಡೂರು ಪೇಟೆಯಲ್ಲಿ ಲಂಬಾಣಿ ಕಸೂತಿಯ ಬಟ್ಟೆ ನೋಡಿ. ಇದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಕನ್ನಡಿ ಚೂರು, ಬಣ್ಣದ ದಾರ, ಕೈಯ ಹೊಲಿಗೆ. ಒಂದು ಚೀಲ ಸಾಕು, ವರ್ಷಗಟ್ಟಲೆ ಬಾಳುತ್ತದೆ.

ಇದೇ ಬೆಟ್ಟಸಾಲಿನಲ್ಲಿ ರಾಮನದುರ್ಗವೂ ಇದೆ. ಬಳ್ಳಾರಿ ದಂಡಿನ ಬ್ರಿಟಿಷ್ ಸಿಪಾಯಿಗಳು ಬಿಸಿಲು ತಪ್ಪಿಸಿಕೊಳ್ಳಲು ಹತ್ತುತ್ತಿದ್ದ ಜಾಗ ಅದು. ದಾರಿ ಸಣ್ಣದು. ಮಳೆಗಾಲದಲ್ಲಾದರೆ ಸಂಡೂರಿನಲ್ಲಿ ಕೇಳಿಕೊಂಡೇ ಹೋಗಿ. ಕುಮಾರಸ್ವಾಮಿ ಬೆಟ್ಟ, ರಾಮನದುರ್ಗ ಎರಡೂ ಒಂದೇ ದಿನ ಮಾಡಲು ಹೋದರೆ ಡ್ಯಾಂ ತಪ್ಪುತ್ತದೆ. ಒಂದನ್ನು ಆರಿಸಿ.

ಸಂಡೂರಿನಿಂದ ಹೊಸಪೇಟೆಗೆ ಸುಮಾರು 30 ಕಿ.ಮೀ. ಇಡೀ ದಿನದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಈ ತುಂಡು. ಸಂಜೆ ನಾಲ್ಕರ ಹೊತ್ತಿಗೆ ಇಲ್ಲಿದ್ದರೆ ಡ್ಯಾಂ ಮೇಲೆ ಬೆಳಕಿರುವಾಗಲೇ ಮುಟ್ಟುತ್ತೀರಿ. ಟಿಬಿ ಡ್ಯಾಂಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋದದ್ದು ನೆನಪಿರಬೇಕಲ್ವಾ? ಆ ವಾರ ಈ ಸೀಮೆಯ ರೈತರು ಯಾರೂ ನೆಮ್ಮದಿಯಾಗಿ ಮಲಗಲಿಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಇದನ್ನು ತಿಳಿದುಕೊಂಡು ಆ ನೀರಿನ ಮುಂದೆ ನಿಂತರೆ ನೋಟವೇ ಬೇರೆ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಈ ದಾರಿಗೆ ಸಾಟಿ ಇಲ್ಲ. ಫೆಬ್ರುವರಿ ಕಳೆದ ಮೇಲೆ ನಾನು ಯಾರಿಗೂ ಹೇಳುವುದಿಲ್ಲ. ಲಾರಿ ಕಂಡರೆ ಕೈನಡುಗುವ ಹೊಸ ಡ್ರೈವರ್ ಆಗಿದ್ದರೆ ಯಾವ ತಿಂಗಳೂ ಬೇಡ.

ಆನೆಗುಂದಿ: ಮನೆಮಂದಿಯೆಲ್ಲ ಇದ್ದರೆ

ಅಜ್ಜಿ, ಮಕ್ಕಳು, ಅರ್ಧ ಗಂಟೆಗೊಮ್ಮೆ ಕಾರು ನಿಲ್ಲಿಸಿ ಎನ್ನುವವರು ಇದ್ದರೆ ಕಣ್ಣುಮುಚ್ಚಿ ಈ ದಾರಿ ಹಿಡಿಯಿರಿ. ಬಳ್ಳಾರಿ, ಕುರುಗೋಡು, ಕಂಪ್ಲಿ, ಗಂಗಾವತಿ, ಆನೆಗುಂದಿ, ಸಣಾಪುರ. ವಾಪಸ್ ಬರುವಾಗ ಕಡೇಬಾಗಿಲು ಸೇತುವೆ ದಾಟಿ ಬುಕ್ಕಸಾಗರ, ಕಮಲಾಪುರ, ದರೋಜಿ ಮೇಲಿಂದ ಬಳ್ಳಾರಿ. ದೂರ 150ರಿಂದ 170 ಕಿ.ಮೀ. ಅಷ್ಟೇ. ಆದರೆ ಇಡೀ ದಿನ ಬೇಕು, ಯಾಕೆಂದರೆ ನಿಲ್ಲಿಸುವ ಜಾಗ ಜಾಸ್ತಿ.

ಬೆಳಿಗ್ಗೆ ಬಳ್ಳಾರಿಯಲ್ಲೇ ಒಗ್ಗರಣಿ-ಮಿರ್ಚಿ ತಿಂದು ಏಳಕ್ಕೆ ಹೊರಡಿ. ಮಂಡಕ್ಕಿ ನೆನೆಸಿ ಮಾಡಿದ ಒಗ್ಗರಣಿ ಹೊಟ್ಟೆಗೆ ಹಗುರ, ಕಾರಿನಲ್ಲಿ ವಾಂತಿ ಮಾಡುವ ಮಕ್ಕಳಿಗೂ ತೊಂದರೆ ಇಲ್ಲ. ಮಿರ್ಚಿ ಮಾತ್ರ ದೊಡ್ಡವರಿಗೆ. ಕುರುಗೋಡಿನ ಹತ್ತಿರ ಬಂಡೆಗುಡ್ಡಗಳು ಶುರುವಾಗುತ್ತವೆ. ಅಲ್ಲಿಯ ದೊಡ್ಡಬಸವೇಶ್ವರನಿಗೆ ಕೈಮುಗಿದು ಮುಂದೆ ಹೋಗಿ. ಅಷ್ಟು ದೊಡ್ಡ ಬಸವನನ್ನು ನೋಡಿ ಮಕ್ಕಳು ಬಾಯಿ ಬಿಡುತ್ತಾರೆ.

ಕಂಪ್ಲಿ ದಾಟಿ ತುಂಗಭದ್ರೆಯ ಸೇತುವೆ. ಇದರ ಬಗ್ಗೆ ಒಂದು ಮಾತು. ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗ ಈ ಸೇತುವೆ ಮುಳುಗುತ್ತದೆ, ಓಡಾಟ ಬಂದ್ ಮಾಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಬರುವವರು ವಿಚಾರಿಸದೆ ಹೊರಡಬಾರದು. ಬಂದ್ ಆಗಿದ್ದರೆ ದಾರಿಯನ್ನು ತಿರುಗಿಸಿ, ಕಮಲಾಪುರದ ಕಡೆಯಿಂದ ಕಡೇಬಾಗಿಲು ಸೇತುವೆ ಹತ್ತಿ ಆನೆಗುಂದಿಗೆ ಬನ್ನಿ.

ಗಂಗಾವತಿಯಿಂದ ಆನೆಗುಂದಿ, ಸಣಾಪುರದವರೆಗಿನ ರಸ್ತೆಯೇ ಈ ದಾರಿಯ ಜೀವ. ಒಂದು ಕಡೆ ಭತ್ತದ ಗದ್ದೆ, ಬಾಳೆ ತೋಟ, ಇನ್ನೊಂದು ಕಡೆ ಒಂದರ ಮೇಲೊಂದು ಕೂತ ಬಂಡೆಗಳು. ಡ್ಯಾಂ ಕಾಲುವೆಗಳಿಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈನಲ್ಲಿ. ಡ್ಯಾಂನಲ್ಲಿ ನೀರು ಉಳಿದ ವರ್ಷ ಜನವರಿಯಲ್ಲಿ ಎರಡನೇ ಬೆಳೆಗೂ ನಾಟಿ ಆಗುತ್ತದೆ. ಆನೆಗುಂದಿಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳೂ ಇನ್ನೂ ಹರಿಯುತ್ತಿವೆ. ಹಾಗಾಗಿ ಬೇರೆ ಕಡೆ ಒಣಗಿದಾಗಲೂ ಇಲ್ಲಿ ಒಂದಿಷ್ಟು ಹಸಿರು ಇದ್ದೇ ಇರುತ್ತದೆ. ಐದಾರು ಶತಮಾನದ ಹಿಂದೆ ಕಡಿದ ಕಾಲುವೆಯ ನೀರಿನಲ್ಲಿ ಇವತ್ತು ನಾಟಿ ಮಾಡುತ್ತಿರುವವರನ್ನು ನೋಡುವುದು ನನಗೆ ಹಂಪಿಯ ಯಾವ ಮಂಟಪಕ್ಕೂ ಕಡಿಮೆ ಅಲ್ಲ.

ಅಂಜನಾದ್ರಿಗೆ 575 ಮೆಟ್ಟಿಲು. ಎಂಟು ಗಂಟೆ ಒಳಗೆ ಹತ್ತುವುದಾದರೆ ಹತ್ತಿ. ಬಳ್ಳಾರಿಯಿಂದ ಬಂದು ಅಷ್ಟು ಬೇಗ ಆಗುವುದಿಲ್ಲ, ಹಾಗಾಗಿ ಮನೆಮಂದಿ ಇದ್ದಾಗ ಕೆಳಗಿಂದಲೇ ನೋಡಿ ಪಂಪಾಸರೋವರಕ್ಕೆ ಹೋಗುವುದು ವಾಸಿ. ಶನಿವಾರ, ಭಾನುವಾರ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಡಿಸೆಂಬರ್‌ನಲ್ಲಿ ಹನುಮಮಾಲೆ ಧರಿಸಿದವರು ಸಾವಿರಾರು ಸಂಖ್ಯೆಯಲ್ಲಿ ಬರುವ ದಿನಗಳಲ್ಲಂತೂ ಈ ರಸ್ತೆಗೆ ಕಾರು ತರಬೇಡಿ.

ಸಣಾಪುರದ ಕೆರೆ ಎಡದಂಡೆ ಕಾಲುವೆಯ ನೀರು ನಿಲ್ಲಿಸುವ ಜಲಾಶಯ. ಹರಿಗೋಲಿನಲ್ಲಿ ಕೂರಿ, ಲೈಫ್ ಜಾಕೆಟ್ ಹಾಕಿಕೊಂಡು. ಈಜಲು ಇಳಿಯಲೇಬೇಡಿ. ನೀರು ಶಾಂತವಾಗಿ ಕಾಣುತ್ತದೆ, ಒಳಗೆ ಸೆಳೆತ ಇದೆ, ಬಂಡೆಗಳಿವೆ. ಪಕ್ಕದ ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ಬಂಡೆ ಮೇಲಿಂದ ಹಾರಿದ ಪ್ರವಾಸಿಗರು ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಹುಡುಗರಿದ್ದರೆ ಕಾರಿನಿಂದ ಇಳಿಯುವ ಮೊದಲೇ ಈ ಮಾತು ಹೇಳಿಬಿಡಿ.

ಮಧ್ಯಾಹ್ನ ಮೂರಕ್ಕೆ ಹೊರಟರೆ ದರೋಜಿ ಕರಡಿಧಾಮಕ್ಕೆ ಸಂಜೆಯೊಳಗೆ ಮುಟ್ಟಬಹುದು. 1994ರಲ್ಲಿ ಘೋಷಣೆಯಾದ ಕಾಡು ಇದು. ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕೂತರೆ ಎದುರಿನ ಬಂಡೆಗಳ ಸಂದಿಯಿಂದ ಕರಡಿ ಹೊರಗೆ ಬರುವುದು ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ. ಅಲ್ಲಿ ಸುಮ್ಮನೆ ಕೂರಲು ಆಗದ ಪುಟ್ಟ ಮಕ್ಕಳಿದ್ದರೆ ಇದನ್ನು ಬಿಟ್ಟು ನೇರ ಮನೆಗೆ ಹೊರಡಿ.

ಹಿರೇಬೆಣಕಲ್ ಗುಡ್ಡ ಗಂಗಾವತಿಗೆ ಹತ್ತಿರವೇ. ಕಬ್ಬಿಣ ಯುಗದ ಕಲ್ಲುಮನೆಗಳಂಥ ಸಮಾಧಿಗಳು ನೂರಾರು ಇವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಆದರೆ ನಡೆದು ಹತ್ತಬೇಕಾದ ಜಾಗ. ಅದಕ್ಕೆ ಬೇರೆ ದಿನ ಇಡಿ, ಕಾರು ಸುತ್ತಾಟದ ಜೊತೆ ಸೇರಿಸಿದರೆ ಎರಡಕ್ಕೂ ನ್ಯಾಯ ಆಗುವುದಿಲ್ಲ.

ಮುದಗಲ್: ದೂರದ ಬಯಲು

ಇದು ಎಲ್ಲರಿಗೂ ಅಲ್ಲ. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಸ್ಕಿ, ಮುದಗಲ್, ಲಿಂಗಸುಗೂರು, ಜಲದುರ್ಗ ನೋಡಿ ವಾಪಸ್ ಬಂದರೆ 350 ಕಿ.ಮೀ. ಆಗುತ್ತದೆ. ಚಾಲಕರು ಇಬ್ಬರಿರಬೇಕು. ರಾಯಚೂರಿನಿಂದ ಹೊರಟರೆ ನೂರು ಕಿ.ಮೀ.ನಷ್ಟು ಕಡಿಮೆ, ಆಗ ಒಂದು ದಿನದಲ್ಲಿ ಆರಾಮಾಗಿ ಮುಗಿಯುತ್ತದೆ.

ಸಿರುಗುಪ್ಪ ದಾಟಿ ಸಿಂಧನೂರಿನವರೆಗೆ ಸೋನಾ ಮಸೂರಿ ಭತ್ತದ ಸೀಮೆ. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ರಸ್ತೆಯುದ್ದಕ್ಕೂ ಸಿಗುತ್ತವೆ. ಸಿಂಧನೂರಿನ ಹತ್ತಿರ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಕ್ಯಾಂಪುಗಳೂ ಇವೆ. ಒಂದೇ ರಸ್ತೆಯಲ್ಲಿ ಕನ್ನಡ, ತೆಲುಗು, ಬಂಗಾಳಿ ಮೂರೂ ಕಿವಿಗೆ ಬೀಳುವುದು ಈ ದಾರಿಯಲ್ಲೇ.

ಮಸ್ಕಿಗೆ ಬರುವಷ್ಟರಲ್ಲಿ ಗದ್ದೆ ಮುಗಿದು ಬಯಲು ಶುರು. 1915ರಲ್ಲಿ ಇಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಒಂದು ಬಂಡೆಯ ಬರಹ ಬಿತ್ತು. ದೇವಾನಾಂಪ್ರಿಯ ಎಂದು ಮಾತ್ರ ಬೇರೆ ಶಾಸನಗಳಲ್ಲಿ ಓದಿದ್ದ ರಾಜನ ಹೆಸರು ಅಶೋಕ ಎಂದು ಖಚಿತವಾಗಿದ್ದು ಈ ಬರಹದಿಂದ. ಶಾಸನ ಚಿಕ್ಕದು, ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು. ಆದರೂ ಅದರ ಮುಂದೆ ಇನ್ನಷ್ಟು ಹೊತ್ತು ನಿಲ್ಲಿ ಎಂದೇ ನಾನು ಹೇಳುವುದು. ಇಡೀ ದೇಶದ ಚರಿತ್ರೆಯ ಒಂದು ಗಂಟು ನಮ್ಮ ರಾಯಚೂರು ಜಿಲ್ಲೆಯ ಗುಡ್ಡದ ಮೇಲೆ ಬಿಚ್ಚಿಕೊಂಡಿದೆ. ಚಿನ್ನವೂ ಸುಳ್ಳಲ್ಲ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಗಣಿ ನಡೆಯುತ್ತಿದೆ.

ಮುದಗಲ್ ಕೋಟೆಗೆ ವಿಜಯನಗರದವರೂ ಬಹಮನಿ, ಆದಿಲ್‌ಶಾಹಿಗಳೂ ಎಷ್ಟು ಸಲ ಕಿತ್ತಾಡಿದರೋ! ಕೃಷ್ಣಾ, ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯ ರಾಯಚೂರಿನಲ್ಲಿ ಯುದ್ಧ ಗೆದ್ದ. ಮುದಗಲ್‌ನ ಕಂದಕ, ಬಾಗಿಲುಗಳು ಈಗಲೂ ಗಟ್ಟಿಯಾಗಿವೆ. ಮೊಹರಂ ದಿನಗಳಲ್ಲಿ ಊರು ಜನರಿಂದ ತುಂಬಿರುತ್ತದೆ. ಜಾತ್ರೆ ನೋಡಬೇಕು ಎನ್ನುವವರಿಗೆ ಅದೇ ಸಮಯ, ಕೋಟೆ ನೋಡಬೇಕು ಎನ್ನುವವರು ಆ ವಾರ ಬಿಟ್ಟು ಬನ್ನಿ.

ಲಿಂಗಸುಗೂರಿನಿಂದ ಸುಮಾರು 20 ಕಿ.ಮೀ. ಹೋದರೆ ಜಲದುರ್ಗ. ಕೃಷ್ಣೆ ಕವಲೊಡೆದು ಸುತ್ತುವರಿದ ಗುಡ್ಡದ ಮೇಲೆ ಕೋಟೆ. ಮೇಲಿಂದ ನದಿ ಬಂಡೆಗಳ ನಡುವೆ ತಿರುಗುವುದು ಕಾಣುತ್ತದೆ. ಇಷ್ಟು ದೂರ ಗಾಡಿ ಓಡಿಸಿಕೊಂಡು ಬಂದದ್ದಕ್ಕೆ ಇದೊಂದೇ ನೋಟ ಸಾಕು. ನಾರಾಯಣಪುರ ಡ್ಯಾಂನಿಂದ ನೀರು ಬಿಟ್ಟಾಗ ಈ ಕಡೆಯ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಹಾಗಾಗಿ ಈ ದಾರಿಗೆ ನವೆಂಬರ್‌ನಿಂದ ಜನವರಿ ಸರಿ. ಬಿಳಿಜೋಳ ಎದೆಮಟ್ಟಕ್ಕೆ ಬಂದಿರುತ್ತದೆ, ಬಿಸಿಲೂ ಹಿತ. ಊಟಕ್ಕೆ ಲಿಂಗಸುಗೂರಿನ ಖಾನಾವಳಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಮೊಸರು.

ಕೊಪ್ಪಳದಲ್ಲೇ ತಂಗಿದ್ದರೆ

ಆಗ ಇಟಗಿ, ಕುಕನೂರು ಕಡೆ ಅರ್ಧ ದಿನ ಸಾಕು. ರಸ್ತೆಯಲ್ಲಿ ಅಂಥ ವಿಶೇಷ ಇಲ್ಲ, 1112ರ ಮಹಾದೇವ ದೇವಾಲಯಕ್ಕಾಗಿ ಹೋಗಬೇಕು. ದಾರಿಯಲ್ಲಿ ಕಿನ್ನಾಳದ ಮರದ ಗೊಂಬೆ ನೋಡಿ. ಕಾರು ಓಡಿಸುವ ದಿನ ಇದಲ್ಲ, ಹಾಗಾಗಿ ಈ ಹೋಲಿಕೆಯಲ್ಲಿ ಇದನ್ನು ಸೇರಿಸಿಲ್ಲ.

ಯಾವ ದಾರಿಯಾದರೂ

ಬಳ್ಳಾರಿಯಿಂದ ಹೊರಡುವವರಿಗೆ ಸೂರ್ಯ ಒಂದು ಉಪಕಾರ ಮಾಡುತ್ತಾನೆ. ಮೊದಲ ಎರಡು ದಾರಿಯಲ್ಲಿ ಬೆಳಿಗ್ಗೆ ಪಶ್ಚಿಮಕ್ಕೆ ಹೋಗುತ್ತೀರಿ, ಸಂಜೆ ಪೂರ್ವಕ್ಕೆ ಬರುತ್ತೀರಿ. ಎರಡೂ ಹೊತ್ತು ಬಿಸಿಲು ಬೆನ್ನಿಗೆ. ಕೊಪ್ಪಳ, ಗದಗ ಕಡೆಯಿಂದ ಬರುವವರಿಗೆ ಎರಡೂ ಹೊತ್ತು ಕಣ್ಣಿಗೇ ಹೊಡೆಯುತ್ತದೆ, ಅವರು ತಂಪು ಕನ್ನಡಕ ಮರೆಯಬಾರದು.

ನವೆಂಬರ್, ಡಿಸೆಂಬರ್ ಸುಗ್ಗಿಯಲ್ಲಿ ಗಂಗಾವತಿ, ಸಿಂಧನೂರು ಕಡೆ ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಾರೆ. ಕಾಳಿನ ಮೇಲೆ ಗಾಡಿ ಹತ್ತದಿರಲಿ ಎಂದು ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಸಂಜೆ ಭತ್ತ ತುಂಬಿಕೊಂಡು ಹೋದಮೇಲೂ ಕೆಲವು ಕಲ್ಲು ಅಲ್ಲೇ ಉಳಿದಿರುತ್ತವೆ. ಕತ್ತಲಲ್ಲಿ ಅದರ ಮೇಲೆ ಹತ್ತಿದರೆ ಟೈರು ಹೋಯಿತು ಅಂತಲೇ ಲೆಕ್ಕ. ಹುಲ್ಲು ಹೇರಿದ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪ ಇರುವುದಿಲ್ಲ, ಹಳ್ಳಿ ಬಂದ ಕಡೆಯೆಲ್ಲ ಬಣ್ಣ ಬಳಿಯದ ಹಂಪುಗಳು. ಇದಕ್ಕೇ ನಾನು ಎಲ್ಲರಿಗೂ ಹೇಳುವುದು, ಆರೂವರೆ ಒಳಗೆ ಹೆದ್ದಾರಿ ಸೇರಿಕೊಳ್ಳಿ. ಎದುರಿಗೆ ಕುರಿ ಮಂದೆ ಬಂದರೆ ಹಾರನ್ ಹೊಡೆಯಬೇಡಿ, ನಿಲ್ಲಿಸಿ. ಕುರಿಗಾಹಿಯೇ ಎರಡು ನಿಮಿಷದಲ್ಲಿ ದಾರಿ ಮಾಡಿಕೊಡುತ್ತಾನೆ.

ಇನ್ನು ಒಂದು ದಿನಕ್ಕೆ ಇಳಿದು ನೋಡುವ ಜಾಗ ಮೂರಕ್ಕಿಂತ ಜಾಸ್ತಿ ಬೇಡ. ನಾಲ್ಕನೆಯದನ್ನು ಸೇರಿಸಿದ ಕೂಡಲೇ ಚಾಲಕ ಗಡಿಯಾರ ನೋಡಲು ಶುರು ಮಾಡುತ್ತಾನೆ, ಹೊರಗೆ ನೋಡುವುದನ್ನು ಬಿಡುತ್ತಾನೆ.

ಈ ಸಲದ ದಸರಾಕ್ಕೆ ಬರುವವರು ನನ್ನನ್ನು ಕೇಳಿದರೆ, ಇಬ್ಬರು ಮೂವರು ಗೆಳೆಯರಾದರೆ ಸಂಡೂರು, ಮನೆಮಂದಿಯಾದರೆ ಆನೆಗುಂದಿ ಎನ್ನುತ್ತೇನೆ. ಇವೆರಡನ್ನೂ ನೋಡಿದವರು ಸಂಕ್ರಾಂತಿಯ ರಜೆಗೆ ಮುದಗಲ್ ಇಟ್ಟುಕೊಳ್ಳಿ, ಲಿಂಗಸುಗೂರಿನಲ್ಲಿ ಒಂದು ರಾತ್ರಿ ತಂಗಿ ಎರಡು ದಿನಕ್ಕೆ ಹಂಚಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಾದರೆ ಹೊರಡುವ ಹಿಂದಿನ ದಿನ ಪತ್ರಿಕೆಯಲ್ಲಿ ಟಿಬಿ ಡ್ಯಾಂನ ಹೊರಹರಿವು ಎಷ್ಟು ಎಂದು ನೋಡಿ. ಲಕ್ಷ ಕ್ಯುಸೆಕ್ ದಾಟಿದೆ ಎಂದರೆ ಕಂಪ್ಲಿ ದಾರಿ ಬಿಟ್ಟು, ಸಂಡೂರಿನ ಕಡೆಗೆ ಕಾರು ತಿರುಗಿಸಿ.